ನಮ್ಮದೇ ಒಂದು ಅಂಚೆಮನೆ

ಕಾಗದ ಬರೆಯುವುದು ಬೇರೆ, ಕಾಗದ ತಲುಪಿಸುವುದು ಬೇರೆ. ಬರೆಯುವವರ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಮಾತಾಗಿದೆ. ತಲುಪಿಸುವವರ ಬಗ್ಗೆ ಅಷ್ಟಾಗಿಲ್ಲ. ಮಳೆಗಾಲದಲ್ಲಿ ಹಳ್ಳ ದಾಟಿ ಬಂದು, ಜಗಲಿಯ ಮೇಲೆ ಕೂತು, ಒಂದು ಲೋಟ ಮಜ್ಜಿಗೆ ಕುಡಿದು ಹೋಗುತ್ತಿದ್ದ ಅಂಚೆಯಣ್ಣನದು ಪರಿಚಯದ ಮುಖವಾದರೂ ಆಗಿತ್ತು. ಇ-ಮೇಲು ಬಂದ ಮೇಲೆ ಆ ಮುಖವೂ ಇಲ್ಲ. ಬೆಂಗಳೂರಿನಲ್ಲಿ ಮಗ ಗುಂಡಿ ಒತ್ತಿದ, ಊರಿನಲ್ಲಿ ಅಪ್ಪನ ಫೋನು ಟಿಣ್ ಎಂದಿತು. ನಡುವೆ ಏನು ನಡೆಯಿತು ಎಂದು ಕೇಳಿದವರನ್ನು ನಾನು ಕಂಡಿಲ್ಲ. ನಡುವೆ ಅಂಚೆಮನೆಗಳಿವೆ. ಅಲ್ಲಿ ಕಾಗದ ತೆಗೆದುಕೊಳ್ಳುವವರು, ವಿಂಗಡಿಸುವವರು, ಠಸ್ಸೆ ಹೊಡೆಯುವವರು, ವಿಳಾಸದಾರ ಸಿಗದಿದ್ದರೆ ವಾಪಸು ಕಳಿಸುವವರು ಎಲ್ಲರೂ ಇದ್ದಾರೆ. ಎಲ್ಲರೂ ಯಾವುದೋ ಗಣಕಯಂತ್ರದ ಹೊಟ್ಟೆಯೊಳಗೆ ಹಗಲು ರಾತ್ರಿ ಓಡುತ್ತಿರುವ ಸಣ್ಣಪುಟ್ಟ ಪ್ರೋಗ್ರಾಮುಗಳು, ಅಷ್ಟೇ ವ್ಯತ್ಯಾಸ. ಇಂಥದೊಂದು ಅಂಚೆಮನೆಗೆ ಮೇಲ್ ಸರ್ವರ್ ಎಂದು ಹೆಸರು. ಅದನ್ನು ಕಟ್ಟಿ ನಿಲ್ಲಿಸುವ ಕೆಲಸ 2024ರ ಮಳೆಗಾಲದಲ್ಲಿ ನನ್ನ ಪಾಲಿಗೆ ಬಂತು.

ನಮ್ಮ ಸಹಕಾರಿ ಸಂಘ ದೊಡ್ಡದೇನಲ್ಲ. ಗೊಬ್ಬರ, ಬೆಳೆಸಾಲ, ಒಂದಿಷ್ಟು ಅಡಿಕೆ ವ್ಯವಹಾರ, ವರ್ಷಕ್ಕೊಂದು ಮಹಾಸಭೆ, ಸಭೆಯ ದಿನ ಕೇಸರಿಬಾತು. ಸದಸ್ಯರು ನಾನೂರು ಚಿಲ್ಲರೆ. ಅವರಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ತೋಟ ಮಾತ್ರ ಊರಿನಲ್ಲಿದೆ, ವಾರಸುದಾರರು ಬೆಂಗಳೂರು, ಪುಣೆ, ಅಮೆರಿಕ ಎಂದು ಚದುರಿಹೋಗಿದ್ದಾರೆ. ಅಂಥವರಿಗೆ ಸಾಲದ ಕಂತಿನ ನೆನಪು, ಬೆಳೆವಿಮೆಯ ವಿಚಾರ, ಸಭೆಯ ನೋಟೀಸು ಎಲ್ಲವೂ ಇ-ಮೇಲಿನಲ್ಲಿ ಹೋಗಬೇಕು. ಹಿಂದಿನ ಕಾರ್ಯದರ್ಶಿಯವರು ಬಲು ಅಚ್ಚುಕಟ್ಟಿನ ಮನುಷ್ಯ. ಹನ್ನೊಂದು ವರ್ಷದ ಪತ್ರವ್ಯವಹಾರವನ್ನೆಲ್ಲ ಒಂದು ದೊಡ್ಡ ಕಂಪನಿಯ ಪುಕ್ಕಟೆ ಪೆಟ್ಟಿಗೆಯಲ್ಲಿ ನಡೆಸಿದ್ದರು. ಗುಪ್ತಪದ ಅವರ ತಲೆಯಲ್ಲಿತ್ತು, ಪೆಟ್ಟಿಗೆಗೆ ಕೊಟ್ಟ ಫೋನ್ ನಂಬರು ಅವರ ಸ್ವಂತದ್ದು. ಒಂದು ಆಷಾಢದಲ್ಲಿ ಅವರು ತೀರಿಕೊಂಡರು. ಸೂತಕದ ಮನೆಯಲ್ಲಿ ಫೋನಿಗೆ ದುಡ್ಡು ಹಾಕಿಸುವ ನೆನಪು ಯಾರಿಗಿರುತ್ತದೆ? ನಂಬರು ಹೋಯಿತು. ಪೆಟ್ಟಿಗೆ ತೆರೆಯಲು ಹೋದರೆ ಕಂಪನಿಯದು ಒಂದೇ ಹಟ, ಆ ನಂಬರಿಗೆ ಸಂಕೇತ ಕಳಿಸಿದ್ದೇವೆ, ಅದನ್ನು ಹೇಳಿ ಎಂದು. ಸಂಘದ ಠರಾವಿನ ನಕಲು, ಮರಣಪತ್ರ ಎಲ್ಲವನ್ನೂ ಕಳಿಸಿದ್ದಾಯಿತು. ಉತ್ತರಗಳು ಬಂದವು, ಆದರೆ ಬರೆದದ್ದು ಮನುಷ್ಯರಲ್ಲ ಎಂಬುದು ಎರಡನೆಯ ಉತ್ತರಕ್ಕೇ ತಿಳಿಯಿತು.

ಈಗಿನ ಕಾರ್ಯದರ್ಶಿ ನನ್ನ ಅಕ್ಕನ ಗಂಡ. ಒಂದು ಸಂಜೆ ತೋಟದಿಂದ ನೇರವಾಗಿ ನಮ್ಮನೆಗೆ ಬಂದವರು, "ಅಲ್ಲ ಮಾರಾಯ, ಕಾಗದ ನಮ್ದು, ಬರೆದವರು ನಾವು, ಬಂದದ್ದೂ ನಮಗೆ. ಪೆಟ್ಟಿಗೆ ಮಾತ್ರ ಅವರದ್ದಾ?" ಎಂದರು.

"ಹೌದು ಭಾವ, ಪೆಟ್ಟಿಗೆ ಅವರದ್ದೇ."

"ಹಾಗಾದ್ರೆ ನಮ್ಮದೇ ಒಂದು ಪೆಟ್ಟಿಗೆ ಮಾಡುವಾ. ನೀ ಬೆಂಗ್ಳೂರಲ್ಲಿ ಇದೇ ಕೆಲ್ಸ ಮಾಡ್ತಿದ್ದವ ಅಲ್ದಾ?"

ನನ್ನ ಹಿಂದಿನ ಜನ್ಮದ ವೃತ್ತಾಂತ ಭಾವನಿಗೆ ಗೊತ್ತಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಅಲ್ಲೊಂದು ಯುನಿಕ್ಸ್ ಯಂತ್ರವಿತ್ತು. ಅದು ತಣ್ಣನೆಯ ಗಾಜಿನ ಕೋಣೆಯಲ್ಲಿ ಕೂತಿತ್ತು, ನಾವು ಗರ್ಭಗುಡಿಗೆ ಹೋಗುವಂತೆ ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಿದ್ದೆವು. ಸಾರ್ವಜನಿಕರಿಗೆ ಇಂಟರ್‌ನೆಟ್ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ಆಗಿನ ವಿದೇಶ ಸಂಚಾರ ನಿಗಮದ ಮೂಲಕ. ಅದಕ್ಕೆ ಮೊದಲೇ, 1986ರಲ್ಲಿ ಶುರುವಾದ ಎರ್ನೆಟ್ ಎಂಬ ಜಾಲ ನಮ್ಮ ದೊಡ್ಡ ವಿದ್ಯಾಸಂಸ್ಥೆಗಳನ್ನು ಜೋಡಿಸಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿತ್ತು. ಆ ಕಾಲದ ಇ-ಮೇಲು ಈಗಿನಂತೆ ಮಿಂಚಿನ ವೇಗದ್ದಲ್ಲ. ಒಂದು ಯಂತ್ರ ಇನ್ನೊಂದಕ್ಕೆ ಟೆಲಿಫೋನಿನಲ್ಲಿ ಕರೆ ಮಾಡಿ, ಕೂಡಿಟ್ಟ ಕಾಗದಗಳ ಕಟ್ಟನ್ನು ಕೊಟ್ಟು, ಅಲ್ಲಿಯ ಕಟ್ಟನ್ನು ತರುವುದೂ ಒಂದು ಪದ್ಧತಿಯಾಗಿತ್ತು. ರನ್ನರ್ ಟಪಾಲಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಆಗಿನ ಅಂಚೆಮನೆಯ ಹೆಸರು ಸೆಂಡ್‌ಮೇಲ್. ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಎರಿಕ್ ಆಲ್‌ಮನ್ ಬರೆದದ್ದು, 1983ರಲ್ಲಿ ಅಲ್ಲಿಯ ಯುನಿಕ್ಸ್ ಜೊತೆಗೇ ಹೊರಬಂದದ್ದು. ಅದರ ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಅದಕ್ಕೆ ಬುದ್ಧಿ ಹೇಳುವ ಕಡತವಿತ್ತಲ್ಲ, ಅದನ್ನು ನೋಡಿದವರು ಮರೆಯಲಾರರು. ಡಾಲರ್ ಚಿಹ್ನೆ, ನಕ್ಷತ್ರ, ಬಾಣದ ತಲೆಗಳು ಪುಟಗಟ್ಟಲೆ ಕೋಳಿ ಕೆರೆದಂತೆ ಹರಡಿರುತ್ತಿದ್ದವು. ಪಾಪ, ಅದರ ತಪ್ಪೂ ಅಲ್ಲ. ಆಗ ಒಂದೊಂದು ಜಾಲಕ್ಕೆ ಒಂದೊಂದು ಬಗೆಯ ವಿಳಾಸ. ಕೆಲವರದು ಆಶ್ಚರ್ಯಸೂಚಕ ಚಿಹ್ನೆಗಳ ಸರಮಾಲೆ, ಕೆಲವರದು ಜೋಡಿ ವಿಸರ್ಗ, ಕೆಲವರದು 1971ರಲ್ಲಿ ರೇ ಟಾಮ್ಲಿನ್‌ಸನ್ ಆರಿಸಿಕೊಂಡ, ನಾವೀಗ ನಿತ್ಯ ಬರೆಯುವ ಆ ಸುರುಳಿ. ಒಂದು ಬಗೆಯ ವಿಳಾಸವನ್ನು ಇನ್ನೊಂದು ಬಗೆಗೆ ತಿರುಗಿಸಿ ಬರೆಯುವ ದುಭಾಷಿಯ ಕೆಲಸವೂ ಸೆಂಡ್‌ಮೇಲಿನ ಮೇಲೇ ಬಿದ್ದಿತ್ತು. ನಮ್ಮಲ್ಲಿ ಬಾವಲಿಯ ಚಿತ್ರದ ಒಂದು ದಪ್ಪ ಪುಸ್ತಕವಿತ್ತು. ಸೆಂಡ್‌ಮೇಲಿನ ಭಾಷ್ಯ ಅದು. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದರು.

ಸೆಂಡ್‌ಮೇಲಿಗೆ ಇನ್ನೊಂದು ದೋಷವಿತ್ತು. ಎಲ್ಲ ಕೆಲಸವನ್ನೂ ಅದು ಒಂದೇ ಕೈಯಿಂದ ಮಾಡುತ್ತಿತ್ತು, ಅದೂ ಯಂತ್ರದ ಯಜಮಾನನ ಅಧಿಕಾರದಲ್ಲಿ. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಹುಳು ಸಾವಿರಾರು ಯಂತ್ರಗಳಿಗೆ ನುಗ್ಗಿದ್ದು ಹೀಗೆಯೇ. ಅದು ಬಳಸಿಕೊಂಡ ಬಾಗಿಲುಗಳಲ್ಲಿ ಸೆಂಡ್‌ಮೇಲಿನದೂ ಒಂದು. ಪೇಟೆಯಿಂದ ಬಂದ ಅಪರಿಚಿತನನ್ನು ಅಂಗಳದಲ್ಲಿ ಮಾತಾಡಿಸುವವನ ಸೊಂಟದಲ್ಲೇ ತಿಜೋರಿಯ ಬೀಗದ ಕೈ ಇದ್ದರೆ ಆಗುವುದೇ ಹೀಗೆ.

ಈ ಪಾಠವನ್ನು ಚೆನ್ನಾಗಿ ಕಲಿತವರು ವೀಟ್ಸೆ ವೆನೆಮಾ ಎಂಬ ಡಚ್ಚರು. ಐಬಿಎಮ್ಮಿನ ಸಂಶೋಧನಾಲಯದಲ್ಲಿ ಕೂತು ಅವರು ಬರೆದು 1998ರ ಡಿಸೆಂಬರಿನಲ್ಲಿ ಹೊರಬಿಟ್ಟದ್ದು ಈಗ ಪೋಸ್ಟ್‌ಫಿಕ್ಸ್ ಎಂಬ ಹೆಸರಿನಲ್ಲಿದೆ. ನಾನು ಸಂಘಕ್ಕೆ ಆರಿಸಿದ್ದು ಅದನ್ನೇ. ಅದರ ವ್ಯವಸ್ಥೆ ನಮ್ಮ ಕಡೆಯ ಮದುವೆಮನೆಯ ಪಂಕ್ತಿಯ ಹಾಗೆ. ಉಪ್ಪು ಬಡಿಸುವವನು ಉಪ್ಪು ಮಾತ್ರ ಬಡಿಸುತ್ತಾನೆ, ಅನ್ನದವನು ಅನ್ನ. ಹೊರಗಿನವರಿಂದ ಕಾಗದ ತೆಗೆದುಕೊಳ್ಳುವ ಪ್ರೋಗ್ರಾಮು ಒಂದು, ವಿಳಾಸ ತಿದ್ದಿ ತೀಡುವುದು ಇನ್ನೊಂದು, ಸರದಿ ನೋಡಿಕೊಳ್ಳುವುದು ಮತ್ತೊಂದು, ಮನೆಯ ಪೆಟ್ಟಿಗೆಗೆ ಹಾಕುವುದು ಬೇರೆ, ಹೊರಗೆ ಒಯ್ಯುವುದು ಬೇರೆ. ಒಬ್ಬರನ್ನೊಬ್ಬರು ಪೂರ್ತಿ ನಂಬುವುದಿಲ್ಲ. ಅಂಗಳದಲ್ಲಿ ನಿಂತವನಿಗೆ ಅಡುಗೆಮನೆಗೆ ಪ್ರವೇಶವಿಲ್ಲ. ಇಷ್ಟು ಅಪನಂಬಿಕೆಯ ಮೇಲೆ ಇಷ್ಟು ಸೊಗಸಾದ ಸಂಸಾರ ನಡೆಯುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಮೊದಲ ಪ್ರಶ್ನೆ, ಯಂತ್ರವನ್ನು ಎಲ್ಲಿಡುವುದು? ಸಂಘದ ಕಚೇರಿಯಲ್ಲೇ ಇಡೋಣ ಎಂದು ಭಾವನ ಆಸೆ. ಆದರೆ ನಮ್ಮೂರಿನ ಮಳೆಗಾಲದ ಕರೆಂಟಿನ ಕಥೆ ಬಿಡಿ, ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಮನೆಬಳಕೆಯ ಇಂಟರ್‌ನೆಟ್ಟಿಗೆ ಸಾಮಾನ್ಯವಾಗಿ ಸ್ಥಿರವಾದ ವಿಳಾಸವಿರುವುದಿಲ್ಲ, ಅಂಥ ವಿಳಾಸದಿಂದ ಬಂದ ಕಾಗದವನ್ನು ದೊಡ್ಡ ಅಂಚೆಮನೆಗಳು ಮುಟ್ಟುವುದೂ ಇಲ್ಲ. ಹಾಗಾಗಿ ದೂರದ ಒಂದು ಕೇಂದ್ರದಲ್ಲಿ ತಿಂಗಳ ಬಾಡಿಗೆಗೆ ಸಣ್ಣದೊಂದು ಯಂತ್ರ ಹಿಡಿದೆವು. ಒಂದು ದೊಡ್ಡ ಯಂತ್ರವನ್ನು ವಠಾರದಂತೆ ಪಾಲು ಮಾಡಿ ಕೊಟ್ಟ ಕೋಣೆ ಅದು. ಅದರಲ್ಲಿ ಡೆಬಿಯನ್ 12 ಹಾಕಿದೆ. ಡೆಬಿಯನ್ ಎಂಬುದು ಲಿನಕ್ಸಿನ ಒಂದು ಹಳೆಯ ಮನೆತನ. 1993ರಿಂದ ನಡೆದುಬಂದಿದೆ, ಸ್ವಯಂಸೇವಕರೇ ಸೇರಿ ನಡೆಸುವಂಥದು. ಸಹಕಾರಿ ಸಂಘಕ್ಕೆ ಇದಕ್ಕಿಂತ ಒಪ್ಪುವ ಸಂಬಂಧ ಸಿಗಲಾರದು ಎಂದು ನಾನು ಹೇಳಿದ್ದನ್ನು ಆಡಳಿತ ಮಂಡಳಿಯವರು ನಗದೆ ಕೇಳಿಕೊಂಡರು.

ಸ್ಥಾಪಿಸುವ ಕೆಲಸ ಅಷ್ಟೇನೂ ಇಲ್ಲ ಎಂದರೆ ಓದುಗರು ನಂಬಲಿಕ್ಕಿಲ್ಲ. ಒಂದು ಸಾಲಿನ ಆಜ್ಞೆ ಕೊಟ್ಟರೆ ಪೋಸ್ಟ್‌ಫಿಕ್ಸ್ ಬಂದು ಕೂರುತ್ತದೆ. ನಿನ್ನ ಹೆಸರೇನು, ಯಾವ ಯಾವ ಊರಿನ ಕಾಗದ ನಿನ್ನ ಮನೆಗೆ ಸೇರಿದ್ದು ಎಂದು ಕೇಳುತ್ತದೆ. ಇವಕ್ಕಿಂತ ಮುಖ್ಯವಾದದ್ದು ಯಾರು ಕೊಟ್ಟ ಕಾಗದವನ್ನು ಬೇರೆಯವರಿಗೆ ಒಯ್ದು ಕೊಡಬೇಕು ಎಂಬುದು. ಇದನ್ನು ಸಡಿಲ ಬಿಟ್ಟರೆ ಲೋಕದ ಎಲ್ಲ ಪುಂಡರೂ ನಮ್ಮ ಹೆಗಲ ಮೇಲೆ ತಮ್ಮ ಮೂಟೆ ಹೊರಿಸುತ್ತಾರೆ. ತೊಂಬತ್ತರ ದಶಕದಲ್ಲಿ ಅಂಚೆಮನೆಗಳ ಬಾಗಿಲುಗಳು ಹಾಗೇ ತೆರೆದಿರುತ್ತಿದ್ದವು. ದಾರಿಹೋಕನ ಕಾಗದವನ್ನು ಮುಂದಿನೂರಿಗೆ ದಾಟಿಸುವುದು ಧರ್ಮ ಎಂಬ ಭಾವನೆ ಇತ್ತು. ಕಸದ ಕಾಗದಗಳ ಹೊಳೆ ಹರಿದ ಮೇಲೆ ಒಂದೊಂದಾಗಿ ಎಲ್ಲರೂ ಬಾಗಿಲು ಮುಚ್ಚಿಕೊಂಡರು. ನಾನೂ ಮುಚ್ಚಿದೆ. ಸಂಘದ ಸಿಬ್ಬಂದಿ ಹೆಸರು, ಗುಪ್ತಪದ ಹೇಳಿದರೆ ಮಾತ್ರ ಹೊರಗಿನ ಕಾಗದ ಹೋಗುತ್ತದೆ. ಬಂದ ಕಾಗದಗಳನ್ನು ಇಟ್ಟುಕೊಂಡು ಕೇಳಿದವರಿಗೆ ತೆಗೆದುಕೊಡಲು ಡವ್‌ಕಾಟ್ ಎಂಬ ಇನ್ನೊಂದು ಪ್ರೋಗ್ರಾಮನ್ನು ಕೂರಿಸಿದೆ. ಡವ್‌ಕಾಟ್ ಎಂದರೆ ಪಾರಿವಾಳದ ಗೂಡು. ಹೆಸರಿಟ್ಟವರಿಗೆ ರಸಿಕತೆ ಇದೆ.

ಈ ಅಂಚೆಮನೆಗಳು ತಮ್ಮತಮ್ಮೊಳಗೆ ಮಾತಾಡುವ ಭಾಷೆ 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟದ್ದು. ತಿದ್ದುಪಡಿಗಳಾಗಿವೆ, ಬೆನ್ನೆಲುಬು ಅದೇ. ಮನುಷ್ಯನೇ ಕೂತು ಕೈಯಾರೆ ಆ ಮಾತುಕತೆ ನಡೆಸಬಹುದು. ಹೊಸ ಸರ್ವರನ್ನು ಪರೀಕ್ಷಿಸಲು ನಾನು ಈಗಲೂ ಮಾಡುವುದು ಅದನ್ನೇ. ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ರಾತ್ರಿ ಅದನ್ನು ತೋರಿಸಿದೆ. 25ನೆಯ ಬಾಗಿಲು ತಟ್ಟಿದ ಕೂಡಲೇ ಆ ಕಡೆಯಿಂದ 220 ಎಂಬ ಸಂಖ್ಯೆಯೊಂದಿಗೆ ಅದರ ಹೆಸರು ಬರುತ್ತದೆ. ನಾವು ನಮಸ್ಕಾರ ಹೇಳಿ ನಮ್ಮ ಹೆಸರು ಹೇಳಬೇಕು. 250, ಅಂದರೆ ಆಗಲಿ. ಕಾಗದ ಇಂಥವರದ್ದು ಎನ್ನಬೇಕು. 250. ಇಂಥವರಿಗೆ ಎನ್ನಬೇಕು. ಆ ಹೆಸರಿನವರು ಅಲ್ಲಿದ್ದರೆ ಮತ್ತೆ 250, ಇಲ್ಲದಿದ್ದರೆ 550, ನಡೆ ವಾಪಸು. ಒಡಲು ಕೊಡುತ್ತೇನೆ ಎಂದರೆ 354, ಕೊಡು, ಮುಗಿದಾಗ ಒಂದು ಸಾಲಿನಲ್ಲಿ ಚುಕ್ಕಿ ಮಾತ್ರ ಇಡು ಎನ್ನುತ್ತದೆ. ಬರೆದು, ಒಂಟಿ ಚುಕ್ಕಿ ಇಟ್ಟೆವು. 250. ನಾಲ್ಕರಿಂದ ಶುರುವಾಗುವ ಸಂಖ್ಯೆ ಬಂದರೆ ಈಗ ಆಗದು, ಆಮೇಲೆ ಬಾ ಎಂದು. ಐದರದ್ದಾದರೆ ಎಂದೂ ಆಗದು ಎಂದು. ಭಾವ ಬಹಳ ಹೊತ್ತು ನೋಡಿದವರು, "ಇದು ನಮ್ಮ ತಾಲೂಕು ಆಫೀಸಿಗಿಂತ ಮರ್ಯಾದೆಯಾಗಿ ಮಾತಾಡ್ತದೆ" ಎಂದರು.

ಅವರಿಗೆ ಬಹಳ ಮೆಚ್ಚಿಗೆಯಾದದ್ದು ಲಕೋಟೆಯ ವಿಷಯ. ಇ-ಮೇಲಿಗೂ ಲಕೋಟೆಯ ಮೇಲಿನ ವಿಳಾಸ ಬೇರೆ, ಒಳಗಿನ ಕಾಗದದ ತಲೆಬರಹ ಬೇರೆ. ಅಂಚೆಮನೆ ನೋಡುವುದು ಲಕೋಟೆಯನ್ನು, ನಾವು ಓದುವುದು ತಲೆಬರಹವನ್ನು. ಲಕೋಟೆಯನ್ನು ದಾರಿಯಲ್ಲೇ ಬಿಚ್ಚಿ ಒಗೆದಿರುತ್ತಾರೆ. ಒಳಗೆ ಯಾರ ಹೆಸರನ್ನಾದರೂ ಬರೆದು ಕಳಿಸುವ ಮೋಸಗಳೆಲ್ಲ ನಡೆಯುವುದು ಈ ಸಂದಿಯಲ್ಲೇ. ಆದರೆ ಒಂದೊಂದು ಅಂಚೆಮನೆಯೂ ಕಾಗದದ ನೆತ್ತಿಯ ಮೇಲೆ ತನ್ನ ಠಸ್ಸೆ ಒತ್ತಿ ಮುಂದೆ ಕಳಿಸುತ್ತದೆ. ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಬಂದರೆ ಕಾಗದ ಬಂದ ದಾರಿ ತಿಳಿಯುತ್ತದೆ. ಚಿಕ್ಕಂದಿನಲ್ಲಿ ಅಜ್ಜನಿಗೆ ಬಂದ ಇನ್‌ಲ್ಯಾಂಡ್ ಪತ್ರದ ಮೇಲಿನ ಮಸಿಯ ಉರುಟುಗಳನ್ನು ಬೆಳಕಿಗೆ ಹಿಡಿದು, ಹೊರಟದ್ದು ಎಂದು, ಬಂದದ್ದು ಎಂದು ಲೆಕ್ಕ ಹಾಕುತ್ತಿದ್ದೆವಲ್ಲ, ಅದೇ ಕೆಲಸ.

ಇನ್ನೊಂದು ನಿಯಮ ನನಗೆ ಅಚ್ಚುಮೆಚ್ಚು. ಮೇಲ್ ಸರ್ವರ್ ಇಟ್ಟುಕೊಂಡವರೆಲ್ಲ ಪೋಸ್ಟ್‌ಮಾಸ್ಟರ್ ಎಂಬ ಹೆಸರಿಗೆ ಬಂದ ಕಾಗದವನ್ನು ತೆಗೆದುಕೊಳ್ಳಲೇಬೇಕು. ಯಾರು ಬೇಕಾದರೂ ಬರೆದು ದೂರು ಹೇಳಬಹುದು. ನಮ್ಮಲ್ಲಿ ಆ ಹೆಸರಿಗೆ ಬಂದದ್ದು ನನಗೂ ಭಾವನಿಗೂ ಬರುವಂತೆ ಮಾಡಿದ್ದೇನೆ. ಅಂದಿನಿಂದ ಊರಿನ ನಿಜವಾದ ಪೋಸ್ಟ್‌ಮಾಸ್ಟರು ಎದುರಾದಾಗಲೆಲ್ಲ ಭಾವ "ನಮಸ್ಕಾರ, ನಾವೂ ನೀವೂ ಒಂದೇ ಇಲಾಖೆ" ಎನ್ನುತ್ತಾರೆ. ಅವರಿಗೆ ಅರ್ಥವಾಗಿಲ್ಲ, ಭಾವ ಬಿಡಿಸಿ ಹೇಳಿಲ್ಲ.

ಕನ್ನಡದ ವಿಷಯ ಹೇಳದೆ ಮುಂದೆ ಹೋಗಲಾರೆ. ಪೋಸ್ಟೆಲ್ ಬರೆದ ಭಾಷೆಗೆ ಗೊತ್ತಿದ್ದದ್ದು ಇಂಗ್ಲಿಷಿನ ಅಕ್ಷರಗಳು ಮಾತ್ರ. ಏಳು ಬಿಟ್ಟಿನ ಸಣ್ಣ ಡಬ್ಬಿ, ಅದರೊಳಗೆ ಕನ್ನಡ ಹಿಡಿಸದು. 1992ರಲ್ಲಿ ಬೊರೆನ್‌ಸ್ಟೈನ್ ಮತ್ತು ಫ್ರೀಡ್ ಎಂಬಿಬ್ಬರು ಮೈಮ್ ಎಂಬ ಉಪಾಯ ಕೊಟ್ಟರು. ಯಾವ ಲಿಪಿಯನ್ನಾದರೂ ಇಂಗ್ಲಿಷ್ ಅಕ್ಷರಗಳ ವೇಷ ಹಾಕಿಸಿ ಕಳಿಸಿ, ಆ ಕಡೆ ವೇಷ ಕಳಚುವುದು. ಈಗ ಎಂಟು ಬಿಟ್ಟಿನ ದಾರಿಯೂ ಇದೆ, ಆದರೂ ವೇಷದ ಪದ್ಧತಿ ಹೋಗಿಲ್ಲ. ನಮ್ಮ ಒಂದೊಂದು ಚಿಹ್ನೆ ಯುನಿಕೋಡಿನ ಬಳಕೆಯ ರೂಪದಲ್ಲಿ 3 ಬೈಟು, ವೇಷ ಹಾಕಿದ ಮೇಲೆ 4 ಅಕ್ಷರ. ನಮಸ್ಕಾರ ಎಂಬುದು ನಮ್ಮ ಬಾಯಿಯಲ್ಲಿ ನಾಲ್ಕೇ ಅಕ್ಷರ. ಆದರೆ ಒತ್ತು, ದೀರ್ಘ ಎಲ್ಲ ಬಿಡಿಸಿದರೆ 7 ಚಿಹ್ನೆ, 21 ಬೈಟು, ದಾರಿಯಲ್ಲಿ ಹೋಗುವಾಗ 28 ಅಕ್ಷರ. ಹಾಗೆ ವೇಷ ಹಾಕಿದ ಕನ್ನಡದ ಅಕ್ಷರಗಳೆಲ್ಲ ನಾಲ್ಕು-ಎಲ್-ಕೆ ಎಂದೋ, ನಾಲ್ಕು-ಎಲ್-ಒ ಎಂದೋ ಶುರುವಾಗುತ್ತವೆ. ನಡುವೆ ಖಾಲಿ ಜಾಗ ಬಂದರೆ ತಾಳ ತಪ್ಪುತ್ತದೆ, ಆದರೆ ಮೊದಲ ಪದದುದ್ದಕ್ಕೂ ಇದೇ ಹೆಜ್ಜೆ. ಸರದಿಯಲ್ಲಿ ನಿಂತ ಕಾಗದಗಳ ತಲೆಬರಹ ನೋಡುತ್ತ ಹೋಗುವಾಗ ಈ ನಾಲ್ಕು-ಎಲ್-ಕೆ ಕಂಡರೆ, ಪರವೂರಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಕಡೆಯವರ ಮಾತು ಕಿವಿಗೆ ಬಿದ್ದಂತಾಗುತ್ತದೆ.

ಇಲ್ಲಿಯವರೆಗಿನದು ಎರಡು ರಾತ್ರಿಯ ಕೆಲಸ. ಮುಂದಿನದು ನಾಲ್ಕು ತಿಂಗಳು ಹಿಡಿಯಿತು.

ಅಂಚೆಮನೆ ಕಟ್ಟಿದರೆ ಸಾಲದು, ಉಳಿದ ಅಂಚೆಮನೆಗಳು ನಮ್ಮನ್ನು ನಂಬಬೇಕು. ಮೊದಲಿಗೆ, ನಮ್ಮ ಬಾಡಿಗೆ ಕೋಣೆಯಿಂದ 25ನೆಯ ಬಾಗಿಲ ಮೂಲಕ ಹೊರಹೋಗುವುದನ್ನೇ ಯಜಮಾನರು ಮುಚ್ಚಿದ್ದರು. ನಾವು ಇಂಥವರು, ಇಂಥ ಕೆಲಸಕ್ಕೆ ಎಂದು ಅರ್ಜಿ ಬರೆದ ಮೇಲೆ ತೆರೆದರು. ತೆರೆದ ಮೇಲೆ ತಿಳಿಯಿತು, ನಮಗೆ ಸಿಕ್ಕಿದ ಸಂಖ್ಯೆಯ ವಿಳಾಸದಲ್ಲಿ ಹಿಂದೆ ಯಾರೋ ಇದ್ದು ಕಸದ ಕಾಗದಗಳನ್ನು ರಾಶಿ ರಾಶಿ ಕಳಿಸಿ ಹೋಗಿದ್ದಾರೆ. ಇಂಥವರ ಕಪ್ಪುಪಟ್ಟಿಗಳನ್ನಿಡುವ ಪದ್ಧತಿ 1997ರಿಂದ ಇದೆ. ಹಿಂದಿನ ಬಾಡಿಗೆದಾರ ಪೇಟೆಯ ಅಂಗಡಿಗಳಲ್ಲೆಲ್ಲ ಉದ್ದರಿ ಮಾಡಿ ಓಡಿಹೋದ ಮನೆಗೆ ಸಂಸಾರ ಹೂಡಿದವರ ಪಾಡು ನಮ್ಮದಾಯಿತು. ಒಂದೊಂದು ಪಟ್ಟಿಯವರಿಗೂ ಬರೆದು, ನಾವು ಅವರಲ್ಲ ಎಂದು ಬೇಡಿಕೊಂಡು ಹೆಸರು ತೆಗೆಸಿದ್ದಾಯಿತು.

ಆಮೇಲೆ ಗುರುತಿನ ಚೀಟಿಗಳು. ಹೆಸರಿನಿಂದ ಸಂಖ್ಯೆ ಸಿಕ್ಕರೆ ಸಾಲದು, ಸಂಖ್ಯೆಯಿಂದ ಹುಡುಕಿದರೂ ಅದೇ ಹೆಸರು ಸಿಗಬೇಕು. ಎಸ್‌ಪಿಎಫ್ ಎಂಬುದೊಂದಿದೆ. ನಮ್ಮ ಹೆಸರಿನ ಕಾಗದ ಇಂಥ ಯಂತ್ರದಿಂದ ಮಾತ್ರ ಹೊರಡುತ್ತದೆ ಎಂದು ಊರಿಗೆಲ್ಲ ಕಾಣುವಂತೆ ಬರೆದು ಹಾಕುವುದು. ಡಿಕಿಮ್ ಎಂಬುದು ಮುದ್ರೆಯುಂಗುರ. ಗುಟ್ಟಿನ ಕೀಲಿಯಿಂದ ಒಂದೊಂದು ಕಾಗದಕ್ಕೂ ಸಹಿ ಬೀಳುತ್ತದೆ, ಅದನ್ನು ಪರೀಕ್ಷಿಸುವ ಇನ್ನೊಂದು ಕೀಲಿ ಎಲ್ಲರಿಗೂ ಬಹಿರಂಗ. ಡಿಮಾರ್ಕ್ ಎಂಬುದು, ಇವೆರಡೂ ತಾಳೆಯಾಗದಿದ್ದರೆ ಆ ಕಾಗದವನ್ನು ಏನು ಮಾಡಬೇಕು ಎಂದು ನಾವೇ ಮುಂಚಿತವಾಗಿ ಹೇಳಿಡುವ ಮಾತು. 2006, 2007, 2015 ಎಂದು ಒಂದೊಂದಾಗಿ ನಿಯಮಗಳಾಗಿ ಬರೆದಿಟ್ಟ ಇವು ಬಹುಕಾಲ ಮಾಡಿದರೆ ಒಳ್ಳೆಯದು ಎಂಬಂತಿದ್ದವು. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ, ದೊಡ್ಡ ಮೊತ್ತದಲ್ಲಿ ಕಳಿಸುವವರಿಗೆ ಇವನ್ನೆಲ್ಲ ಕಡ್ಡಾಯ ಮಾಡಿದವು. ಕಡ್ಡಾಯ ಮಾಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಕಳ್ಳರ ಕಾಟ ಅಷ್ಟಿದೆ. ನಮ್ಮ ಸರ್ವರಿನ ಬಾಗಿಲು ತೆರೆದ ಒಂದು ಗಂಟೆಯೊಳಗೆ ಯಾವ ಯಾವ ದೇಶದವರೋ ಬಂದು ಗುಪ್ತಪದಗಳನ್ನು ಊಹಿಸಿ ಊಹಿಸಿ ಚಿಲಕ ಅಲ್ಲಾಡಿಸತೊಡಗಿದ್ದರು.

ಇಷ್ಟೆಲ್ಲ ಆದ ಮೇಲೂ ಒಂದು ದೊಡ್ಡ ಅಂಚೆಮನೆ ನಮ್ಮ ಕಾಗದವನ್ನು 250 ಎಂದು ನಯವಾಗಿ ಸ್ವೀಕರಿಸಿ, ಸದ್ದಿಲ್ಲದೆ ಸದಸ್ಯರ ಕಸದ ಪೆಟ್ಟಿಗೆಗೆ ಹಾಕುತ್ತಿತ್ತು. 550 ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ವಿಚಾರಿಸಿದರೆ, ನಿಮಗೆ ಇನ್ನೂ ಹೆಸರು ಬಂದಿಲ್ಲ, ನಿಧಾನವಾಗಿ ಬರುತ್ತದೆ ಎಂಬ ಅರ್ಥದ ಉತ್ತರ. ಕಾಗದ ತಲುಪದೆ ಹೆಸರು ಬರದು, ಹೆಸರಿಲ್ಲದೆ ಕಾಗದ ತಲುಪದು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬ ಗಾದೆ ಇರುವ ಭಾಷೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊನೆಗೆ ಭಾವ ಮಂಡಳಿಯ ಪ್ರತಿಯೊಬ್ಬರಿಗೂ ಫೋನು ಮಾಡಿ, ಮಕ್ಕಳಿಗೆ ಹೇಳಿ ಕಸದ ಪೆಟ್ಟಿಗೆಯಿಂದ ನಮ್ಮ ಕಾಗದ ಎತ್ತಿಸಿ, ಇದು ಕಸವಲ್ಲ ಎಂದು ಗುರುತು ಹಾಕಿಸಿ, ಉತ್ತರವನ್ನೂ ಬರೆಸಿದರು. ಸದಸ್ಯತ್ವ ಅಭಿಯಾನದ ಅನುಭವ ಉಪಯೋಗಕ್ಕೆ ಬಂತು. ಹಾಗೆ ವಾರಕ್ಕಿಷ್ಟು ಜನರಂತೆ ಹೆಸರು ಕಟ್ಟಿದೆವು.

ಕೆಲವು ಸಣ್ಣ ಅಂಚೆಮನೆಗಳ ರೀತಿ ಇದಕ್ಕಿಂತ ಚೆನ್ನ. ಅಪರಿಚಿತರ ಮೊದಲ ಕಾಗದಕ್ಕೆ ಅವು ನಾಲ್ಕರ ಸಂಖ್ಯೆ ಹೇಳಿ, ಆಮೇಲೆ ಬಾ ಎನ್ನುತ್ತವೆ. ಮತ್ತೆ ಬಂದರೆ ಒಳಗೆ ಬಿಡುತ್ತವೆ. ಹಿಂದೆ ನಮ್ಮ ಊರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದದ್ದು ನೆನಪಿರಬಹುದು. ನಮ್ಮ ದೆವ್ವ ಅದನ್ನು ಓದಿ ನಿಷ್ಠೆಯಿಂದ ಮರುದಿನವೂ ಬರುತ್ತಿತ್ತಂತೆ. ಈ ದೆವ್ವಗಳಿಗೆ ಅಷ್ಟು ತಾಳ್ಮೆಯಿಲ್ಲ. ಲಕ್ಷಗಟ್ಟಲೆ ಬಾಗಿಲು ತಟ್ಟಬೇಕಾದವರು ಒಂದೇ ಬಾಗಿಲಿಗೆ ಎರಡು ಸಲ ಬರುವುದು ಅಪರೂಪ. ಪೋಸ್ಟ್‌ಫಿಕ್ಸ್ ಮಾತ್ರ ಬರುತ್ತದೆ. ಐದು ನಿಮಿಷ ಬಿಟ್ಟು, ಹತ್ತು ನಿಮಿಷ ಬಿಟ್ಟು, ಗಂಟೆ ಬಿಟ್ಟು, ಐದು ದಿನಗಳವರೆಗೆ ಬಾಗಿಲು ತಟ್ಟುತ್ತಲೇ ಇರುತ್ತದೆ. ಆಮೇಲೆ, ಆಗಲಿಲ್ಲ ಎಂದು ಕಾರಣ ಬರೆದು ಕಾಗದವನ್ನು ಬರೆದವರಿಗೆ ಹಿಂದಿರುಗಿಸುತ್ತದೆ. ಹೊಳೆ ಬಂದು ಸಂಕ ಮುಳುಗಿದಾಗ ನಮ್ಮ ಅಂಚೆಯಣ್ಣನೂ ಇದನ್ನೇ ಮಾಡುತ್ತಿದ್ದ.

ಎಲ್ಲರೂ ಹೀಗೆ ಸ್ವಂತ ಅಂಚೆಮನೆ ಕಟ್ಟಿಕೊಳ್ಳಿ ಎಂದು ನಾನು ಹೇಳಲಾರೆ. ನನ್ನ ಸ್ವಂತ ಕಾಗದಗಳೇ ಇನ್ನೂ ಪುಕ್ಕಟೆ ಪೆಟ್ಟಿಗೆಯಲ್ಲಿವೆ. ಇದು ಹಸು ಸಾಕಿದ ಹಾಗೆ, ದಿನಾ ನೋಡಬೇಕು. ಪ್ರಮಾಣಪತ್ರದ ಅವಧಿ ಮುಗಿಯುತ್ತದೆ, ತಟ್ಟೆ ತುಂಬುತ್ತದೆ, ಹೊಸ ರಂಧ್ರ ಕಂಡುಬಂದು ತೇಪೆ ಹಾಕಬೇಕಾಗುತ್ತದೆ. ಮಂಡಳಿಯ ಒಬ್ಬ ಸದಸ್ಯರು, ಹಾಲು ಪ್ಯಾಕೆಟ್ಟಿನಲ್ಲಿ ಸಿಗುವಾಗ ಹಸು ಯಾಕೆ ಎಂದು ಕೇಳಿಯೂ ಕೇಳಿದರು. ಹಣ ಕೊಟ್ಟು ಸಂಘದ ಹೆಸರಿನಲ್ಲೇ ಪೆಟ್ಟಿಗೆ ಪಡೆಯುವ ದಾರಿಯೂ ಇತ್ತು. ಕೇಳಿದ್ದು ನ್ಯಾಯವೇ. ಭಾವ ಅದಕ್ಕೆ ಉತ್ತರ ಕೊಡಲಿಲ್ಲ. ಬೀಗ ಬಿದ್ದ ಪೆಟ್ಟಿಗೆಯಲ್ಲಿ ಉಳಿದ, ಆ ಸದಸ್ಯರದ್ದೇ ಬೆಳೆವಿಮೆಯ ತಕರಾರಿನ ಕಾಗದಗಳ ಸುದ್ದಿ ಎತ್ತಿದರು. ಠರಾವು ಪಾಸಾಯಿತು.

ನಮ್ಮ ಪೆಟ್ಟಿಗೆಯಲ್ಲಿ ಒಂದೊಂದು ಕಾಗದವೂ ಒಂದೊಂದು ಬೇರೆ ಕಡತ. ಹೊಸದು ಒಂದು ಕೋಣೆಯಲ್ಲಿ, ನೋಡಿದ್ದು ಇನ್ನೊಂದು ಕೋಣೆಯಲ್ಲಿ. ಯಾವ ಪ್ರೋಗ್ರಾಮೂ ಇಲ್ಲದೆ ತೆರೆದು ನೋಡಬಹುದಾದ ಸಾದಾ ಕಡತಗಳು. ರಾತ್ರಿ ಎರಡು ಗಂಟೆಗೆ ಅವುಗಳ ನಕಲು ಸಂಘದ ಕಚೇರಿಯ ಗಣಕಯಂತ್ರಕ್ಕೆ ಬಂದು ಬೀಳುತ್ತದೆ. ಕರೆಂಟಿಲ್ಲದ ರಾತ್ರಿಯದು ಮರುದಿನ ಬರುತ್ತದೆ. ಬಾಡಿಗೆ ಯಜಮಾನರು ನಾಳೆ ಅಂಗಡಿ ಮುಚ್ಚಿದರೆ ಬೇರೆ ಕಡೆ ಕೋಣೆ ಹಿಡಿದು, ಕಡತಗಳನ್ನು ಸುರಿದು, ಹೆಸರಿನ ಮುಂದಿನ ಸಂಖ್ಯೆ ಬದಲಿಸಿದರಾಯಿತು. ವಿಳಾಸ ಬದಲಾಗುವುದಿಲ್ಲ.

ಆ ವರ್ಷದ ಮಹಾಸಭೆ ಸೆಪ್ಟೆಂಬರಿನಲ್ಲಿತ್ತು. ನೋಟೀಸು ಎಂದಿನಂತೆ ಅಂಚೆಯಲ್ಲೂ ಹೋಯಿತು, ನಮ್ಮ ಹೊಸ ಅಂಚೆಮನೆಯಿಂದಲೂ. ಒಮ್ಮೆಗೇ ಕಳಿಸಿದರೆ ಅನುಮಾನ ಬಂದೀತೆಂದು ಗಂಟೆಗಿಷ್ಟು ಎಂದು ಬಿಟ್ಟೆವು. ಭಾವ ಪರದೆಯ ಮುಂದೆ ಕೂತು 250 ಬಂದಾಗಲೆಲ್ಲ ಷೇರುದಾರರ ಪುಸ್ತಕದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದರು. ಇದನ್ನು ಯಂತ್ರವೇ ಲೆಕ್ಕ ಇಡುತ್ತದೆ ಭಾವ ಎಂದರೆ, "ಇಡಲಿ, ನಾನೂ ಇಡ್ತೆ" ಎಂದರು. ಆರು ಕಾಗದ ವಾಪಸು ಬಂದವು. ಅದರಲ್ಲಿ ನಾಲ್ಕು ವಿಳಾಸ ಬದಲಾದವರದ್ದು, ಒಂದು ತುಂಬಿಹೋದ ಪೆಟ್ಟಿಗೆ. ಇನ್ನೊಂದು ಹಿಂದಿನ ಕಾರ್ಯದರ್ಶಿಯವರ ಸ್ವಂತ ವಿಳಾಸ. ಸದಸ್ಯರ ಪಟ್ಟಿಯಿಂದ ಅವರ ಹೆಸರನ್ನು ಯಾರೂ ತೆಗೆದಿರಲಿಲ್ಲ. ಭಾವ ಪೆನ್ಸಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದಿನ ಸಾಲಿಗೆ ಹೋದರು.

ಈಗ ದಿನನಿತ್ಯದ ಕೆಲಸವನ್ನು ಸಂಘದ ಕಚೇರಿಯಲ್ಲಿರುವ ಹುಡುಗಿಯೇ ನೋಡಿಕೊಳ್ಳುತ್ತಾಳೆ. ಬಿಕಾಂ ಓದಿದವಳು, ಯುನಿಕ್ಸಿನ ಹೆಸರು ಕೇಳಿರಲಿಲ್ಲ. ಮೂರು ತಿಂಗಳಲ್ಲಿ ಸರದಿ ನೋಡುವುದು, ದಾಖಲೆ ಓದುವುದು, ತೇಪೆ ಹಾಕುವುದು ಎಲ್ಲ ಕಲಿತಳು. ಅವಳಿಗಾಗಿ ನಾನು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಟ್ಟೆ. ಯಾವ ಕಡತ ಎಲ್ಲಿದೆ, ಯಾವ ಸಾಲು ಯಾಕಿದೆ, ನಾಲ್ಕರ ಸಂಖ್ಯೆ ಬಂದರೆ ಸುಮ್ಮನಿರು, ಐದರದ್ದು ಬಂದರೆ ಇದನ್ನು ನೋಡು ಎಂದು. ಅವಳು ಈಗ ಅದರ ಅಂಚಿನಲ್ಲಿ ತನ್ನ ಟಿಪ್ಪಣಿಗಳನ್ನು ಸೇರಿಸುತ್ತಿದ್ದಾಳೆ, ಕೆಲವು ಕಡೆ ನನ್ನದಕ್ಕಿಂತ ಚೆನ್ನಾಗಿವೆ. ಗುಪ್ತಪದಗಳನ್ನು ಬೇರೆ ಹಾಳೆಯಲ್ಲಿ ಬರೆದು, ಲಕೋಟೆಯಲ್ಲಿಟ್ಟು, ಅರಗಿನ ಮೇಲೆ ಸಂಘದ ಮೊಹರು ಒತ್ತಿ ಕಬ್ಬಿಣದ ತಿಜೋರಿಗೆ ಹಾಕಿದ್ದೇವೆ. ತಿಜೋರಿಗೆ ಎರಡು ಬೀಗದ ಕೈ. ಒಂದು ಅಧ್ಯಕ್ಷರ ಹತ್ತಿರ, ಇನ್ನೊಂದು ಭಾವನ ಹತ್ತಿರ. ಭಾವ ಅದನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರು. ಅಕ್ಕ ಗದರಿದ ಮೇಲೆ ದೇವರ ಮನೆಯ ಗೂಡಿನಲ್ಲಿಟ್ಟು, ಇಟ್ಟ ಜಾಗವನ್ನು ಮನೆಯವರೆಲ್ಲರಿಗೂ ತೋರಿಸಿದ್ದಾರೆ.